ಎರಡು ಹಳ್ಳಗಳ ನಡುವೆ ಗಾಡಿ ಸಿಕ್ಕಿಕೊಂಡಾಗ: ಮಳೆಗಾಲದ ಮಲೆನಾಡು ದಾರಿಗೆ ಕೈಪಿಡಿ

ಮಲೆನಾಡಿನ ಒಳದಾರಿಗಳಲ್ಲಿ ನೆರೆಗೆ ಸಿಕ್ಕಿಕೊಳ್ಳುವುದು ಹೆಚ್ಚಾಗಿ ಎರಡು ಹಳ್ಳಗಳ ನಡುವೆ. ಎದುರಿಗೆ ಮೋರಿ ಮೇಲೆ ಕೆನ್ನೀರು ಹರಿಯುತ್ತಿರುತ್ತದೆ. ಇಳಿಯುತ್ತದೇನೋ ಎಂದು ಅರ್ಧ ಗಂಟೆ ಕಾಯುತ್ತೀರಿ. ಅಷ್ಟರಲ್ಲಿ ಹಿಂದೆ ದಾಟಿ ಬಂದ ಹಳ್ಳವೂ ಏರಿರುತ್ತದೆ. ಹಾಗಾಗಿ ರಸ್ತೆ ಮೇಲೆ ನೀರು ಕಂಡ ಕೂಡಲೇ ಮೊದಲು ಯೋಚಿಸಬೇಕಾದದ್ದು ಹಿಂದಿನ ದಾರಿಯನ್ನು. ಕೊನೆಯ ಮೋರಿ ಎಷ್ಟು ದೂರ? ಅಲ್ಲಿ ನೀರು ರಸ್ತೆಗಿಂತ ಎಷ್ಟು ಕೆಳಗಿತ್ತು? ಕೊನೆಯ ಮನೆ ಕಂಡದ್ದು ಎಲ್ಲಿ? ಮನೆಗಳು ಸಿಗುವ ಕಡೆಗೆ ದಾರಿ ಇನ್ನೂ ತೆರೆದಿದ್ದರೆ ಕಾಯದೆ ಗಾಡಿ ತಿರುಗಿಸಿ. ರಾತ್ರಿ ಕಳೆಯಲೇಬೇಕಾದರೂ ಆ ಜಾಗವನ್ನು ನೀವೇ ಆರಿಸಿಕೊಂಡಿರಬೇಕು.

ನೀರು ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದನ್ನು ಕಣ್ಣಂದಾಜಿಗೆ ಬಿಡಬೇಡಿ. ದಂಡೆ ಗಟ್ಟಿಯಿರುವ ಕಡೆ ನೀರಂಚಿಗೆ ಒಂದು ಕಡ್ಡಿ ನೆಡಿ, ಇಲ್ಲವೇ ರಸ್ತೆ ಮೇಲೇ ಅಂಚಿಗೆ ಕಲ್ಲಿಡಿ, ಹತ್ತು ನಿಮಿಷ ಬಿಟ್ಟು ನೋಡಿ. ಇಳಿಯುವ ನೀರು ಮೋರಿಯ ಕಟ್ಟೆ ಮೇಲೆ ಒದ್ದೆ ಗೆರೆಯನ್ನೂ ಕಸದ ಸಾಲನ್ನೂ ಬಿಟ್ಟು ಹೋಗುತ್ತದೆ. ಏರುವ ನೀರು ದಡದಲ್ಲಿ ಒಣಗಿ ಬಿದ್ದಿದ್ದ ತರಗೆಲೆ, ಕಡ್ಡಿ, ನೊರೆಯನ್ನು ಹೊತ್ತು ತರುತ್ತದೆ. ತಿಳಿಯಾಗಿದ್ದ ಹಳ್ಳ ದಿಢೀರನೆ ಕೆಂಪಗಾದರೆ, ತಳದಲ್ಲಿ ಕಲ್ಲು ಉರುಳುವ ಗುಡುಗುಡು ಸದ್ದು ಕೇಳಿದರೆ, ಒಂದು ಕ್ಷಣವೂ ನಿಲ್ಲದೆ ಮೇಲೇರಿ. ನಿಮ್ಮ ತಲೆಯ ಮೇಲೆ ಬಿಸಿಲಿದ್ದರೂ ಘಟ್ಟದ ತುದಿಯಲ್ಲಿ ಮಳೆ ಹೊಡೆದಿರುತ್ತದೆ.

ಹಳ್ಳಕ್ಕೂ ಹೊಳೆಗೂ ವ್ಯತ್ಯಾಸವಿದೆ. ಸಣ್ಣ ಹಳ್ಳ ಮಳೆ ನಿಂತ ಕೆಲವೇ ಗಂಟೆಗಳಲ್ಲಿ ಇಳಿಯುತ್ತದೆ, ಕಾಯಬಹುದು. ದೊಡ್ಡ ನದಿಯ ಮೇಲಿನ ತಗ್ಗು ಸೇತುವೆ ಮುಳುಗಿದರೆ ದಿನಗಟ್ಟಲೆ ತೆರೆಯದು. ಚಿಕ್ಕೋಡಿ ಕಡೆಯ ಕಲ್ಲೋಳ-ಯಡೂರು ಸೇತುವೆ, ಊರಲ್ಲಿ ಹನಿ ಬೀಳದಿದ್ದರೂ, ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಜೋರಾದರೆ ಮುಳುಗುತ್ತದೆ. ಅಂಥ ಕಡೆ ಕಾಯುವುದಕ್ಕಿಂತ ಸುತ್ತು ದಾರಿ ಹಿಡಿಯುವುದೇ ಸರಿ. ಕದ್ರಾ, ಲಿಂಗನಮಕ್ಕಿಯಂಥ ಅಣೆಕಟ್ಟೆಗಳ ಕೆಳಗಿನ ಕಣಿವೆಯಲ್ಲಿದ್ದರೆ ಹೊಳೆಯಂಚಿನಲ್ಲಿ ಗಾಡಿ ನಿಲ್ಲಿಸಲೇಬೇಡಿ. ಗೇಟು ಎತ್ತಿದರೆ ಮಳೆಯಿಲ್ಲದೆಯೂ ನೀರು ಬರುತ್ತದೆ.

ದಾಟಬಾರದು ಏಕೆ

ಲೆಕ್ಕ ಸರಳ. ನಾಲ್ಕು ಮೀಟರ್ ಉದ್ದ, ಒಂದೂವರೆ ಮೀಟರಿಗಿಂತ ತುಸು ಹೆಚ್ಚು ಅಗಲದ ಸಣ್ಣ ಕಾರಿನ ತಳ ಸುಮಾರು 6.4 ಚದರ ಮೀಟರ್. ನೆಲದಿಂದ ತಳಕ್ಕೆ ಸುಮಾರು 17 ಸೆಂ.ಮೀ. ನೀರು ತಳ ಮುಟ್ಟಿದ ಮೇಲೆ ಇನ್ನು 15 ಸೆಂ.ಮೀ. ಏರಿದರೆ ಕಾರು ಸುಮಾರು 960 ಲೀಟರ್ ನೀರಿನ ಜಾಗ ಹಿಡಿಯುತ್ತದೆ, ಅಂದರೆ ನೀರು ಅದನ್ನು 960 ಕಿಲೋದಷ್ಟು ಮೇಲೆತ್ತುತ್ತದೆ. ಕಾರಿನ ತೂಕವೂ ಹೆಚ್ಚುಕಮ್ಮಿ ಅಷ್ಟೇ. ಒಂದು ಅಡಿ ನೀರಿಗೆ ಟೈರು ಹಿಡಿತ ಕಳೆದುಕೊಳ್ಳುತ್ತದೆ, ಉಳಿದದ್ದನ್ನು ಸೆಳವು ನೋಡಿಕೊಳ್ಳುತ್ತದೆ. ಎರಡು ಅಡಿ ಹರಿಯುವ ನೀರಿಗೆ ದೊಡ್ಡ ಜೀಪೂ ನಿಲ್ಲದು. ಮುಂದೆ ಬಸ್ಸು ದಾಟಿತೆಂದು ನೀವು ಇಳಿಯಬೇಡಿ. ಅದರ ತೂಕ ಹತ್ತು ಟನ್ನಿನ ಆಸುಪಾಸು, ತಳ ಎತ್ತರ.

ಇದಕ್ಕಿಂತ ದೊಡ್ಡ ಅಪಾಯ ಕಾಣುವುದೇ ಇಲ್ಲ. ಪೈಪ್ ಮೋರಿಯ ಬಾಯಿಗೆ ದಿಮ್ಮಿ, ಬಿದಿರು ಸಿಕ್ಕಿದಾಗ ನೀರು ರಸ್ತೆ ಮೇಲೆ ಹತ್ತಿ ಆಚೆ ಬದಿಗೆ ಧುಮುಕುತ್ತದೆ. ಧುಮುಕುವ ಬದಿಯ ಮಣ್ಣು ಮೊದಲು ಕೊಚ್ಚಿ ಹೋಗುತ್ತದೆ, ಮೇಲಿನ ಟಾರು ಮಾತ್ರ ಹಪ್ಪಳದಂತೆ ಉಳಿದಿರುತ್ತದೆ. ನೀರು ಪಾದ ಮುಳುಗುವಷ್ಟಕ್ಕೆ ಇಳಿದ ಮೇಲೂ ಆ ಅಂಚನ್ನು ಕಣ್ಣಾರೆ ಕಾಣುವವರೆಗೆ ಗಾಡಿ ಹತ್ತಿಸಬೇಡಿ. ಕಾಲಲ್ಲಿ ಇಳಿದು ಆಳ ನೋಡುವುದೂ ಬೇಡ, ರಭಸವಿದ್ದರೆ ಅರ್ಧ ಅಡಿ ನೀರೇ ಮನುಷ್ಯನನ್ನು ಕೆಡವುತ್ತದೆ.

ನಿಲ್ಲುವ ಜಾಗ

ನೀರಿನಿಂದ ದೂರವಾದರೆ ಸಾಲದು, ಧರೆಯಿಂದಲೂ (ರಸ್ತೆ ಪಕ್ಕದ ಕಡಿದಾದ ಮಣ್ಣಿನ ಗೋಡೆ) ದೂರವಿರಬೇಕು. ರಸ್ತೆ ಅಗಲ ಮಾಡಲು ಜೆಸಿಬಿಯಲ್ಲಿ ನೇರ ಕಡಿದ ಮಣ್ಣಿನ ಗೋಡೆಯ ಬುಡದಲ್ಲಿ ಗಾಡಿ ನಿಲ್ಲಿಸುವುದು ನೆರೆಗೆ ಇಳಿಯುವಷ್ಟೇ ಅಪಾಯ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ ಪಕ್ಕದ ಗುಡ್ಡ ಕುಸಿದಾಗ ರಸ್ತೆಬದಿಯ ಚಹಾ ಅಂಗಡಿ, ನಿಂತಿದ್ದ ಲಾರಿ ಮಣ್ಣಿನೊಂದಿಗೆ ಗಂಗಾವಳಿ ನದಿಗೇ ಹೋದವು. ಮರಗಳು ಇಳಿಜಾರಿಗೆ ವಾಲಿದ್ದರೆ, ರಸ್ತೆಯಲ್ಲಿ ಉದ್ದುದ್ದ ಹೊಸ ಬಿರುಕಿದ್ದರೆ, ಧರೆಯಿಂದ ಜಿನುಗುತ್ತಿದ್ದ ನೀರು ಥಟ್ಟನೆ ರಾಡಿಯಾದರೆ ಅಥವಾ ನಿಂತೇ ಹೋದರೆ ಅಲ್ಲಿಂದ ಹೊರಡಿ. ದೊಡ್ಡ ಮರದಡಿ, ಕರೆಂಟ್ ಲೈನಿನಡಿ ಬೇಡ. ಶಾಲೆಯ ಅಂಗಳ, ದೇವಸ್ಥಾನ, ದಿಬ್ಬದ ಮೇಲಿನ ಬಯಲು ಒಳ್ಳೆಯದು. ಮನೆ ಕಂಡರೆ ಸಂಕೋಚ ಬಿಟ್ಟು ಹೋಗಿ ಕೇಳಿ. ಮಳೆಗಾಲದ ರಾತ್ರಿ ದಾರಿ ತಪ್ಪಿ ಬಂದವರಿಗೆ ಮಲೆನಾಡಿನ ಮನೆಗಳಲ್ಲಿ ಬಿಸಿನೀರೂ ಊಟವೂ ಸಿಗುತ್ತದೆ, ಯಾವ ಹಳ್ಳ ಎಷ್ಟು ಹೊತ್ತಿಗೆ ಇಳಿಯುತ್ತದೆಂಬ ಅಂದಾಜೂ ಅವರಿಗೇ ಗೊತ್ತು.

ಸುದ್ದಿ ಮುಟ್ಟಿಸುವುದು

ತುರ್ತಿಗೆ 112, ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಗೆ 1077. ನಿಮ್ಮ ಸಿಮ್ಮಿಗೆ ಸಿಗ್ನಲ್ ಇಲ್ಲದಿದ್ದರೂ 112 ಒತ್ತಿ ನೋಡಿ, ಬೇರೆ ಕಂಪನಿಯ ಟವರ್ ಮೂಲಕ ಹೋಗಬಹುದು. ಕರೆ ಹೋಗದ ಕಡೆಯೂ ಎಸ್ಸೆಮ್ಮೆಸ್ ಹೋಗಬಹುದು. ಮನೆಯವರಿಗೆ ಒಂದೇ ಸಂದೇಶದಲ್ಲಿ ಎಲ್ಲ ಇರಲಿ: ‘ಕೊಪ್ಪದಿಂದ ಶೃಂಗೇರಿ ದಾರಿ, ಕಿ.ಮೀ. ಕಲ್ಲು 14, ಎರಡೂ ಕಡೆ ನೀರು, ನಾಲ್ವರು, ಎಲ್ಲರೂ ಕ್ಷೇಮ, ಅಮ್ಮನ ಬಿಪಿ ಮಾತ್ರೆ ಎರಡು ದಿನಕ್ಕಿದೆ, ಮುಂದಿನ ಸಂದೇಶ ರಾತ್ರಿ 8ಕ್ಕೆ.’ ಹೇಳಿದ ಹೊತ್ತಿಗೆ ತಪ್ಪದೆ ಕಳಿಸಿ. ಉಳಿದ ಸಮಯ ಫೋನನ್ನು ಏರೋಪ್ಲೇನ್ ಮೋಡಿನಲ್ಲಿಡಿ. ಸಿಗ್ನಲ್ ಹುಡುಕುತ್ತಲೇ ಬ್ಯಾಟರಿ ಖಾಲಿಯಾಗುತ್ತದೆ. ಎಲ್ಲರ ಫೋನೂ ಒಟ್ಟಿಗೆ ಚಾಲೂ ಇಡಬೇಡಿ.

ಗಾಡಿಯಲ್ಲೇ ರಾತ್ರಿಯಾದರೆ ಇಂಜಿನ್ ಆರಿಸಿ ಮಲಗಿ. ಸೈಲೆನ್ಸರ್ ಬಾಯಿಗೆ ಕೆಸರು ಕಟ್ಟಿದ್ದರೆ ಹೊಗೆ ಒಳಗೇ ಸೇರುತ್ತದೆ, ಅದರಲ್ಲಿನ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ. ಎದುರುಬದುರು ಕಿಟಕಿಗಳನ್ನು ಎರಡು ಬೆರಳಷ್ಟು ತೆರೆದಿಡಿ. ಒದ್ದೆ ಬಟ್ಟೆ ಮೊದಲು ಕಳಚಿ, ಚಳಿ ಹಿಡಿದ ಮೇಲೆ ಬಿಡಿಸುವುದು ಕಷ್ಟ. ಕೆನ್ನೀರು ಕುಡಿಯಬೇಡಿ. ಬಕೆಟ್ಟಿಗೋ ಪಾತ್ರೆಗೋ ನೇರ ಬೀಳುವ ಮಳೆನೀರು ಹಿಡಿಯಿರಿ, ಒಲೆಯಿದ್ದರೆ ಕುದಿ ಬಂದ ಮೇಲೆ ಒಂದು ನಿಮಿಷ ಕುದಿಸಿ. ಇಂಬಳ (ಜಿಗಣೆ) ಕಚ್ಚಿದರೆ ಕಿತ್ತು ಎಳೆಯದೆ ಉಗುರಿನಿಂದ ಮೆಲ್ಲಗೆ ಜಾರಿಸಿ. ನೆರೆಗೆ ಹಾವೂ ದಿಬ್ಬ ಹುಡುಕಿ ಬರುತ್ತದೆ, ಟಾರ್ಚ್ ಇಲ್ಲದೆ ಕಾಲಿಡಬೇಡಿ.

ಗಾಡಿ ನೀರಿಗೆ ಸಿಕ್ಕಿದರೆ

ಮೊದಲ ನಿಮಿಷವೇ ಮುಖ್ಯ. ಫೋನ್ ಮಾಡಲು ಹೋಗಬೇಡಿ. ಬೆಲ್ಟ್ ಬಿಚ್ಚಿ, ಪವರ್ ವಿಂಡೋ ಕೆಲಸ ಮಾಡುವಾಗಲೇ ಕಿಟಕಿ ಇಳಿಸಿ, ಮಕ್ಕಳನ್ನು ಮೊದಲು ಹೊರಗೆ ದಾಟಿಸಿ. ಹೊರಗಿನ ನೀರಿನ ಒತ್ತಡಕ್ಕೆ ಬಾಗಿಲು ತೆರೆಯುವುದಿಲ್ಲ. ಕಿಟಕಿ ಇಳಿಯದಿದ್ದರೆ ಪಕ್ಕದ ಗಾಜಿನ ಮೂಲೆಗೆ ಸುತ್ತಿಗೆಯಿಂದ ಹೊಡೆಯಿರಿ. ಮುಂದಿನ ಗಾಜು ಪದರದ ಗಾಜು, ಒಡೆದರೂ ಬಿಡಿಬಿಡಿಯಾಗಿ ಉದುರದು. ಸೆಳವಿಗೆ ಸಿಕ್ಕರೆ ಬೆನ್ನ ಮೇಲೆ ತೇಲಿ, ಕಾಲು ಹರಿವಿನ ಮುಂದಕ್ಕಿರಲಿ, ಓರೆಯಾಗಿ ದಡದ ಕಡೆ ಸಾಗಿ.

ನೀರು ಇಳಿದ ಮೇಲೆ ಅತಿ ಹೆಚ್ಚು ಹಾನಿ ಮಾಡುವುದು ಒಂದು ಸೆಲ್ಫ್, ಅಂದರೆ ಕೀ ತಿರುಗಿಸಿ ಇಂಜಿನ್ ಸ್ಟಾರ್ಟ್ ಮಾಡುವುದು. ಏರ್ ಫಿಲ್ಟರಿನ ಮೂಲಕ ನೀರು ಸಿಲಿಂಡರಿಗೆ ಹೋಗಿದ್ದರೆ ಪಿಸ್ಟನ್ ಅದನ್ನು ಒತ್ತಲಾರದು, ಪಿಸ್ಟನ್ನನ್ನು ಹಿಡಿದಿರುವ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಕೀ ಮುಟ್ಟುವ ಮುಂಚೆ ಏರ್ ಫಿಲ್ಟರ್ ಡಬ್ಬಿ ತೆರೆದು ನೋಡಿ, ಒದ್ದೆಯಿದ್ದರೆ ಅಲ್ಲಿಗೇ ಬಿಡಿ. ಆಯಿಲ್ ಕಡ್ಡಿ ಎಳೆದಾಗ ಎಣ್ಣೆ ಹಾಲು ಬೆರೆತ ಕಾಫಿಯಂತೆ ಕಂಡರೂ ಸ್ಟಾರ್ಟ್ ಬೇಡ. ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ, ನೀರಿನ ಗೆರೆ ಕಾಣುವಂತೆ ನಾಲ್ಕೂ ಕಡೆಯಿಂದ ಫೋಟೋ ತೆಗೆದು, ಗಾಡಿ ಎಳೆಸಿಕೊಂಡು ಹೋಗಿ. ಇಂಜಿನ್ ರಕ್ಷಣೆಯ ಹೆಚ್ಚುವರಿ ವಿಮೆ ಇಲ್ಲದಿದ್ದರೆ, ನೀರು ಹೊಕ್ಕ ಮೇಲೆ ಸ್ಟಾರ್ಟ್ ಮಾಡಿ ಕೆಡಿಸಿದ ಇಂಜಿನ್ನಿಗೆ ಸಾಮಾನ್ಯವಾಗಿ ಹಣ ಸಿಗದು. ಫಿಲ್ಟರ್, ಎಣ್ಣೆ ಎರಡೂ ಸರಿಯಿದ್ದು ಗಾಡಿ ಹೊರಟರೆ, ಮೊದಲ ಅರ್ಧ ಕಿಲೋಮೀಟರ್ ಸೆಕೆಂಡ್ ಗೇರಿನಲ್ಲೇ ಹೋಗುತ್ತ ಬ್ರೇಕ್ ಮೆಲ್ಲಗೆ ಒತ್ತೊತ್ತಿ ಒಣಗಿಸಿಕೊಳ್ಳಿ.