ಮೂರು ದೇಶ, ಒಂದು ಕಿರುಚಿತ್ರ: ಮೊದಲು ಜೋಡಿಸಿ ನೋಡಿ, ಆಮೇಲೆ ಕ್ಯಾಮೆರಾ ಹಿಡಿಯಿರಿ

ಬೇರೆ ಬೇರೆ ದೇಶಗಳ ನಾಲ್ಕೈದು ವಿದ್ಯಾರ್ಥಿಗಳು ಆನ್‌ಲೈನಿನಲ್ಲೇ ಸೇರಿ ಐದು ನಿಮಿಷದ ಕಿರುಚಿತ್ರ ಮಾಡಲು ಹೊರಟರೆ ಕಥೆಯ ಚರ್ಚೆಗೆ ಮೂರು ವಾರ ಹೋಗುತ್ತದೆ, ಎಡಿಟಿಂಗಿಗೆ ಕೊನೆಯ ಎರಡು ರಾತ್ರಿ ಉಳಿಯುತ್ತದೆ. ಎಡವಟ್ಟು ಬಯಲಾಗುವುದು ಆ ಎರಡು ರಾತ್ರಿಗಳಲ್ಲೇ. ಒಬ್ಬರ ವಿಡಿಯೊ ಸೆಕೆಂಡಿಗೆ 25 ಫ್ರೇಮಿನದು, ಇನ್ನೊಬ್ಬರದು 30, ಮತ್ತೊಬ್ಬರು ಫೋನನ್ನು ಉದ್ದಕ್ಕೆ ಹಿಡಿದಿದ್ದಾರೆ, ತುಟಿಗೂ ಮಾತಿಗೂ ಹೊಂದಿಕೆಯೇ ಇಲ್ಲ. ಕಥೆ ಚೆನ್ನಾಗಿಲ್ಲದೆ ಕೆಟ್ಟ ಚಿತ್ರಗಳಿಗಿಂತ ತುಣುಕುಗಳು ಕೂಡದೆ ಕೆಟ್ಟವೇ ಹೆಚ್ಚು.

ತರಗತಿಗಳ ನಡುವೆ ನಡೆಯುವ ಇಂಥ ಕೆಲಸಕ್ಕೆ ‘ಕಾಯಿಲ್’ ಎಂಬ ಹೆಸರಿದೆ. ಕೊಲಾಬರೇಟಿವ್ ಆನ್‌ಲೈನ್ ಇಂಟರ್‌ನ್ಯಾಷನಲ್ ಲರ್ನಿಂಗ್ ಎಂಬುದರ ಮೊದಲಕ್ಷರಗಳು ಅವು. ನ್ಯೂಯಾರ್ಕ್ ರಾಜ್ಯ ವಿಶ್ವವಿದ್ಯಾಲಯ 2006ರಲ್ಲಿ ಇದಕ್ಕೆಂದೇ ಕೇಂದ್ರ ತೆರೆಯಿತು. ಅದನ್ನು ಕಟ್ಟಿದ ಜಾನ್ ರೂಬಿನ್ ಸಿನಿಮಾ ಪಾಠ ಹೇಳುತ್ತಿದ್ದ ಮೇಷ್ಟ್ರು. ನಿಮ್ಮ ಕಾಲೇಜಿನಲ್ಲಿ ಅಂಥ ವ್ಯವಸ್ಥೆ ಇರಲಿ, ಇಲ್ಲದಿರಲಿ, ಕೆಲಸದ ಕ್ರಮ ಒಂದೇ.

ಹಂತ 1: ತಂಡ

ಐದು ಜನ ಸಾಕು. ಎಡಿಟರ್ ಒಬ್ಬರೇ ಇರಲಿ.

ಹಂತ 2: ಗಡಿಯಾರ

ಸಭೆಯ ಹೊತ್ತನ್ನು ಯುಟಿಸಿಯಲ್ಲಿ (ಎಲ್ಲ ದೇಶಗಳಿಗೂ ಒಂದೇ ಆದ ಜಾಗತಿಕ ಸಮಯ) ಬರೆದು, ಪಕ್ಕದಲ್ಲಿ ಪ್ರತಿಯೊಬ್ಬರ ಸ್ಥಳೀಯ ಸಮಯ ಹಾಕಿ. ಅರ್ಧ ಗಂಟೆ, ಮುಕ್ಕಾಲು ಗಂಟೆಗಳ ಲೆಕ್ಕ ಮರೆಯಬೇಡಿ: ಭಾರತ ಯುಟಿಸಿಗಿಂತ 5:30 ಮುಂದಿದ್ದರೆ ನೇಪಾಳ 5:45 ಮುಂದಿದೆ. ಮಾರ್ಚ್ ತಿಂಗಳಂತೂ ಅಪಾಯದ್ದು. ಅಮೆರಿಕದಲ್ಲಿ ಎರಡನೇ ಭಾನುವಾರ ಬೇಸಿಗೆಗೆಂದು ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ, ಯುರೋಪಿನಲ್ಲಿ ಕೊನೆಯ ಭಾನುವಾರ. ಭಾರತ, ಜಪಾನ್ ಗಡಿಯಾರ ಮುಟ್ಟುವುದೇ ಇಲ್ಲ. ಹಾಗಾಗಿ ನಡುವಿನ ಎರಡು ಮೂರು ವಾರ ಯಾರೋ ಒಬ್ಬರು ಪ್ರತಿ ಸಭೆಗೂ ಒಂದು ಗಂಟೆ ಮೊದಲೇ ಬಂದು ಕಾಯುತ್ತಾರೆ, ಇಲ್ಲವೇ ಒಂದು ಗಂಟೆ ತಡವಾಗಿ ಬರುತ್ತಾರೆ. ‘ಶನಿವಾರ ಮಧ್ಯರಾತ್ರಿಯೊಳಗೆ ಕಳಿಸಿ’ ಎಂಬ ಗಡುವು ಬೇಡವೇ ಬೇಡ. ಯಾವ ಮಧ್ಯರಾತ್ರಿ, ಶನಿವಾರದ ಆಚೆಯದೋ ಈಚೆಯದೋ? ತಾರೀಖನ್ನು 03/04 ಎಂದು ಬರೆದರೂ ಅದೇ ಗೋಳು. ಒಬ್ಬರಿಗೆ ಅದು ಮಾರ್ಚ್, ಇನ್ನೊಬ್ಬರಿಗೆ ಏಪ್ರಿಲ್. ವರ್ಷ, ತಿಂಗಳು, ದಿನ ಎಂಬ ಅನುಕ್ರಮದಲ್ಲೇ ಬರೆಯಿರಿ.

ಹಂತ 3: ಒಂದೇ ಉಗ್ರಾಣ

ಎಲ್ಲ ಫೈಲುಗಳಿಗೂ ಒಂದೇ ಹಂಚಿಕೆಯ ಫೋಲ್ಡರ್. ಚೀನಾದ ಮುಖ್ಯಭೂಮಿಯಲ್ಲಿರುವ ಸದಸ್ಯರಿದ್ದರೆ ಗೂಗಲ್ ಡ್ರೈವ್ ಅಲ್ಲಿ ತೆರೆಯುವುದಿಲ್ಲ, ಮೊದಲೇ ಬೇರೆ ದಾರಿ ನೋಡಿಕೊಳ್ಳಿ. ಫೈಲಿನ ಹೆಸರಿನಲ್ಲಿ ದೃಶ್ಯ, ಶಾಟ್, ಆವೃತ್ತಿ, ಈ ಮೂರೂ ಇರಲಿ: ‘ದೃಶ್ಯ03_ಶಾಟ್02_ಆ04’. ‘ಫೈನಲ್’, ‘ನಿಜವಾದ ಫೈನಲ್’ ಎಂಬ ಹೆಸರುಗಳಿಗೆ ನಿಷೇಧ. ಕೋಲನ್, ಪ್ರಶ್ನಾರ್ಥಕ ಚಿಹ್ನೆ, ನಕ್ಷತ್ರ ಬೇಡ. ವಿಂಡೋಸ್ ಅವನ್ನು ಒಪ್ಪುವುದಿಲ್ಲ.

ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊ ಕಳಿಸುವ ಅಡ್ಡದಾರಿ ಹಲವರಿಗೆ ಪ್ರಿಯ. ವಿಡಿಯೊ ಆಗಿ ಕಳಿಸಿದರೆ ಅದು ಕುಗ್ಗಿ, ಮಸುಕಾಗಿ ತಲುಪುತ್ತದೆ. ಅನಿವಾರ್ಯವಾದರೆ ಡಾಕ್ಯುಮೆಂಟ್ ಆಗಿ ಕಳಿಸಿ. 4ಕೆ ಹುಚ್ಚೂ ಬೇಡ, 1080 ಸಾಕು. ಸೆಕೆಂಡಿಗೆ 10 ಮೆಗಾಬಿಟ್ ಅಪ್‌ಲೋಡ್ ವೇಗವಿದ್ದರೆ ಒಂದು ಜಿಬಿ ಏರಲು ಹದಿಮೂರು ನಿಮಿಷಕ್ಕೂ ಹೆಚ್ಚು ಬೇಕು. ಇಪ್ಪತ್ತು ಜಿಬಿ ಇದ್ದರೆ ನೀವೇ ಲೆಕ್ಕ ಹಾಕಿ.

ಹಂತ 4: ಅಳತೆ ಒಂದಾಗಿಸುವುದು

ಎಲ್ಲರೂ ಜಾರಿ ಬೀಳುವುದು ಇಲ್ಲೇ, ಆದ್ದರಿಂದ ನಿಧಾನವಾಗಿ ಓದಿ.

ಫ್ರೇಮ್ ರೇಟ್: ತಂಡಕ್ಕೆಲ್ಲ 25 ಎಂದು ಇಟ್ಟುಕೊಳ್ಳಿ. 24 ಇಟ್ಟರೂ ತಪ್ಪೇನಿಲ್ಲ, ಒಂದೇ ಇರಬೇಕು ಅಷ್ಟೆ. 30ರಲ್ಲಿ ತೆಗೆದದ್ದನ್ನು 25ರ ಟೈಮ್‌ಲೈನಿಗೆ ಹಾಕಿದರೆ ಸಾಫ್ಟ್‌ವೇರ್ ಪ್ರತಿ ಆರು ಫ್ರೇಮಿಗೆ ಒಂದನ್ನು ಕಿತ್ತು ಹಾಕುತ್ತದೆ. ಕೂತು ಮಾತಾಡುವ ದೃಶ್ಯದಲ್ಲಿ ಇದು ಕಣ್ಣಿಗೆ ಬೀಳದು. ಕ್ಯಾಮೆರಾ ಮೆಲ್ಲಗೆ ಬಲಕ್ಕೆ ತಿರುಗುವಾಗ ಮಾತ್ರ ಗೋಡೆಯ ಅಂಚು ಕುಂಟುತ್ತಾ ಹೋಗುತ್ತದೆ.

ಶಟರ್: ಒಂದೊಂದು ಫ್ರೇಮಿಗೂ ಬೆಳಕು ಬೀಳುವ ಹೊತ್ತು ಇದು, ಎಲ್ಲರಿಗೂ ಒಂದೇ ಇರಬಾರದು. ಕರೆಂಟಿನ ಆವರ್ತನ ಕೆಲವು ದೇಶಗಳಲ್ಲಿ 50 ಹರ್ಟ್ಸ್, ಕೆಲವು ಕಡೆ 60. ಜಪಾನಿನಲ್ಲಂತೂ ಪೂರ್ವಕ್ಕೆ 50, ಪಶ್ಚಿಮಕ್ಕೆ 60. ದೀಪಗಳು ಅದರ ಇಮ್ಮಡಿ ವೇಗದಲ್ಲಿ ಮಿನುಗುತ್ತವೆ. 50 ಹರ್ಟ್ಸ್ ಇರುವಲ್ಲಿ ಶಟರ್ 1/50 ಸೆಕೆಂಡು, 60 ಇರುವಲ್ಲಿ 1/60 ಇಟ್ಟರೆ ಪ್ರತಿ ಫ್ರೇಮಿಗೂ ಸರಿಯಾಗಿ ಎರಡು ಮಿನುಗು ಸಿಗುತ್ತವೆ, ಬೆಳಕು ಅಲುಗದು. ತಪ್ಪಿದರೆ ಚಿತ್ರದ ಮೇಲೆ ಕಪ್ಪು ಪಟ್ಟಿಗಳು ತೇಲುತ್ತವೆ. ಎಡಿಟಿಂಗಿನಲ್ಲಿ ಅವನ್ನು ಅಳಿಸುವುದು ದೊಡ್ಡ ತಲೆನೋವು.

ಅಸ್ಥಿರ ಫ್ರೇಮ್ ರೇಟ್: ಫೋನುಗಳ ಕಳ್ಳಾಟ ಇದು. 30 ಎಂದು ತೋರಿಸುತ್ತಾ, ಬೆಳಕು ಕಡಿಮೆಯಾದಾಗ ಫೋನು ಸದ್ದಿಲ್ಲದೆ ಫ್ರೇಮುಗಳನ್ನು ಕಡಿಮೆ ಮಾಡುತ್ತದೆ. ಎಡಿಟಿಂಗ್ ಸಾಫ್ಟ್‌ವೇರ್ ಮಾತ್ರ ಎಲ್ಲ ಫ್ರೇಮುಗಳೂ ಸಮ ಅಂತರದಲ್ಲಿವೆ ಎಂದು ನಂಬಿ ಜೋಡಿಸುತ್ತದೆ. ಪರಿಣಾಮ: ಮೊದಲ ನಿಮಿಷ ಮಾತು ಸರಿ, ನಾಲ್ಕನೇ ನಿಮಿಷಕ್ಕೆ ತುಟಿ ಮುಚ್ಚಿದ ಮೇಲೆ ಮಾತು ಕೇಳುತ್ತದೆ. ಫ್ರೇಮ್ ರೇಟ್ ಮತ್ತು ಶಟರ್ ಎರಡನ್ನೂ ನಿಗದಿಪಡಿಸಲು ಬಿಡುವ ಆ್ಯಪ್‌ನಿಂದ ಚಿತ್ರೀಕರಿಸಿ. ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಎಂಬ ಆ್ಯಪ್ ಉಚಿತವಾಗಿ ಸಿಗುತ್ತದೆ. ಈಗಾಗಲೇ ತೆಗೆದಾಗಿದ್ದರೆ ವಿಡಿಯೊ ಪರಿವರ್ತಿಸುವ ಸಾಫ್ಟ್‌ವೇರ್ ಆದ ಹ್ಯಾಂಡ್‌ಬ್ರೇಕ್‌ನಲ್ಲಿ ‘ಕಾನ್‌ಸ್ಟಂಟ್ ಫ್ರೇಮ್‌ರೇಟ್’ ಆರಿಸಿ ಪರಿವರ್ತಿಸಿ. ಆ ಕೆಲಸ ಚಿತ್ರೀಕರಿಸಿದವರದು, ಎಡಿಟರ್ ತಲೆಗೆ ಕಟ್ಟಬೇಡಿ.

ಬಣ್ಣ: ಬೆಳಕಿಗೆ ತಕ್ಕಂತೆ ಬಣ್ಣ ಸರಿದೂಗಿಸುವ ವೈಟ್ ಬ್ಯಾಲೆನ್ಸನ್ನು ಆಟೊದಲ್ಲಿ ಬಿಡಬೇಡಿ, ಹಗಲು ಬೆಳಕಿಗೆ 5600 ಕೆಲ್ವಿನ್, ಹಳದಿ ಬಲ್ಬಿಗೆ 3200. ಹಲವು ಹೊಸ ಫೋನುಗಳಲ್ಲಿ ಬೆಳಕು-ನೆರಳಿನ ವ್ಯಾಪ್ತಿ ಹಿಗ್ಗಿಸುವ ಎಚ್‌ಡಿಆರ್ ತಾನಾಗಿಯೇ ಆನ್ ಇರುತ್ತದೆ, ಅದನ್ನು ಆಫ್ ಮಾಡಿ. ಇಲ್ಲದಿದ್ದರೆ ಉಳಿದವರ ಶಾಟ್‌ಗಳ ನಡುವೆ ನಿಮ್ಮದೊಂದೇ ಸುಣ್ಣ ಬಳಿದ ಹಾಗೆ ಕಾಣುತ್ತದೆ.

ಧ್ವನಿ: 48 ಕಿಲೋಹರ್ಟ್ಸ್, 24 ಬಿಟ್, ವೇವ್ ಫೈಲ್. ಮಾತಿನ ಅತಿ ಜೋರು ಜಾಗಗಳು ಮೈನಸ್ 12ರಿಂದ ಮೈನಸ್ 6 ಡೆಸಿಬಲ್ ಒಳಗೆ ನಿಲ್ಲಲಿ. ಪ್ರತಿ ಸ್ಥಳದಲ್ಲೂ ಯಾರೂ ಉಸಿರೆತ್ತದೆ ಮೂವತ್ತು ಸೆಕೆಂಡು ಖಾಲಿ ಕೋಣೆಯ ಸದ್ದು ರೆಕಾರ್ಡ್ ಮಾಡಿ. ಎರಡು ಮಾತುಗಳ ನಡುವಿನ ತೂತು ಮುಚ್ಚಲು ಅದಕ್ಕಿಂತ ಒಳ್ಳೆಯ ಸಾಮಗ್ರಿ ಇಲ್ಲ. ವಿಡಿಯೊ ಕರೆಯ ರೆಕಾರ್ಡಿಂಗನ್ನೇ ಚಿತ್ರಕ್ಕೆ ಬಳಸುವ ಸೋಮಾರಿತನ ಬೇಡ. ಅದರಲ್ಲಿ ಸದ್ದು ಆಗಲೇ ಹಿಂಡಿ ಹಿಪ್ಪೆಯಾಗಿರುತ್ತದೆ.

ಇಷ್ಟನ್ನೂ ಒಂದೇ ಪುಟದಲ್ಲಿ ಬರೆದು ಎಲ್ಲರಿಗೂ ಕೊಡಿ. ಆದರೆ ಓದಿದ್ದೇವೆ ಎಂಬ ಮಾತನ್ನು ನಂಬಬೇಡಿ, ಪರೀಕ್ಷಾ ತುಣುಕು ಕೇಳಿ. ಪ್ರತಿಯೊಬ್ಬರೂ ತಾವು ಬಳಸುವ ಸಾಧನದಲ್ಲೇ ಎರಡು ನಿಮಿಷ ಚಿತ್ರೀಕರಿಸಬೇಕು. ಮೊದಲಲ್ಲಿ ಒಂದು ಚಪ್ಪಾಳೆ, ಬಿಳಿ ಹಾಳೆಯನ್ನು ಐದು ಸೆಕೆಂಡು ಕ್ಯಾಮೆರಾಕ್ಕೆ ಹಿಡಿಯುವುದು, ಒಂದಿಷ್ಟು ಮಾತು, ಎಡದಿಂದ ಬಲಕ್ಕೆ ನಿಧಾನದ ತಿರುವು, ಕೊನೆಯಲ್ಲಿ ಮತ್ತೊಂದು ಚಪ್ಪಾಳೆ. ಧ್ವನಿ ಬೇರೆ ರೆಕಾರ್ಡರಿನಲ್ಲಿದ್ದರೆ ಅದೂ ಓಡುತ್ತಿರಲಿ. ಎಡಿಟರ್ ಮೊದಲ ಚಪ್ಪಾಳೆಯನ್ನು ಹೊಂದಿಸಿ ಕೊನೆಯದನ್ನು ನೋಡಲಿ. ಅಲ್ಲೂ ಕೈ ಸೇರುವ ಫ್ರೇಮು, ಸದ್ದು ಒಟ್ಟಿಗೇ ಬಂದರೆ ಪಾಸು. ಎರಡೇ ನಿಮಿಷಕ್ಕೆ ಫ್ರೇಮುಗಟ್ಟಲೆ ಜಾರಿದರೆ ಅಸ್ಥಿರ ಫ್ರೇಮ್ ರೇಟನ್ನೇ ಮೊದಲು ಅನುಮಾನಿಸಿ. ಎರಡು ಸಾಧನಗಳ ಗಡಿಯಾರಗಳ ವ್ಯತ್ಯಾಸ ಅಷ್ಟು ದೊಡ್ಡದಿರುವುದಿಲ್ಲ. ಹತ್ತು ಲಕ್ಷಕ್ಕೆ 50 ಭಾಗ ವ್ಯತ್ಯಾಸವಿದ್ದರೂ ಗಂಟೆಗೆ ಜಾರುವುದು 0.18 ಸೆಕೆಂಡು. ಎಲ್ಲರೂ ಪಾಸಾಗುವ ತನಕ ಚಿತ್ರೀಕರಣ ಶುರುವಾಗಬಾರದು.

ಹಂತ 5: ಸಂಗೀತ

ಎರಡು ಖಂಡಗಳಲ್ಲಿ ಕೂತು ಒಟ್ಟಿಗೆ ನುಡಿಸುವ ಆಸೆ ಬಿಡಿ. ಫೈಬರಿನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್. ಹತ್ತು ಸಾವಿರ ಕಿಲೋಮೀಟರ್ ದಾಟಲು ಕನಿಷ್ಠ 50 ಮಿಲಿಸೆಕೆಂಡು. ಸುಮಾರು 30 ದಾಟಿದರೆ ತಾಳ ಎಳೆಯತೊಡಗುತ್ತದೆ. ಎಷ್ಟು ದುಬಾರಿ ಇಂಟರ್ನೆಟ್ ಹಾಕಿಸಿದರೂ ಬೆಳಕು ಓಡುವುದು ಅಷ್ಟೇ. ಒಬ್ಬರು ಕ್ಲಿಕ್ ಟ್ರ್ಯಾಕ್ (ತಾಳಕ್ಕೆ ಟಿಕ್ ಟಿಕ್ ಎನ್ನುವ ಸದ್ದು) ಮಾಡಿ ಕಳಿಸಲಿ, ಉಳಿದವರು ಹೆಡ್‌ಫೋನಿನಲ್ಲಿ ಅದನ್ನು ಕೇಳುತ್ತಾ ಒಬ್ಬೊಬ್ಬರಾಗಿ ನುಡಿಸಲಿ. ಎಲ್ಲರ ಫೈಲೂ ಟ್ರ್ಯಾಕಿನ ಸೊನ್ನೆಯಿಂದಲೇ ಶುರುವಾಗಬೇಕು. ಮುಂದಿನ ಮೌನ ಕತ್ತರಿಸಿದರೆ ಎಲ್ಲಿಗೆ ಕೂರಿಸುವುದು ಎಂದು ಹುಡುಕುವುದೇ ಕೆಲಸ.

ಸಿದ್ಧ ಸಂಗೀತ ಎತ್ತಿಕೊಳ್ಳುವುದಾದರೆ, ಬೇರೆಯವರ ಬಳಕೆಗೆ ರಚಿಸಿದವರೇ ಒಪ್ಪಿಗೆ ಕೊಡುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯ ಅಕ್ಷರಗಳನ್ನು ಓದಿ. ‘ಎನ್‌ಡಿ’ ಇದ್ದರೆ ಚಿತ್ರಕ್ಕೆ ಬಳಸುವಂತಿಲ್ಲ, ಏಕೆಂದರೆ ದೃಶ್ಯಕ್ಕೆ ಹೊಂದಿಸುವುದನ್ನೇ ಅದು ಮಾರ್ಪಾಡು ಎಂದು ಎಣಿಸುತ್ತದೆ. ‘ಬಿವೈ-ಎಸ್‌ಎ’ ಹಾಡನ್ನೂ ‘ಬಿವೈ-ಎನ್‌ಸಿ-ಎಸ್‌ಎ’ ಹಾಡನ್ನೂ ಒಂದೇ ಚಿತ್ರದಲ್ಲಿ ಕೂಡಿಸಲಾಗದು. ಇಡೀ ಚಿತ್ರಕ್ಕೂ ತನ್ನ ಪರವಾನಗಿಯೇ ಇರಬೇಕು ಎಂದು ಎರಡೂ ಕೇಳುತ್ತವೆ. ‘ರಾಯಲ್ಟಿ ಫ್ರೀ’ ಎಂದರೆ ಪುಕ್ಕಟೆ ಎಂದೇನಲ್ಲ.

ಹಂತ 6: ತಿದ್ದುಪಡಿ

ಎಲ್ಲ ಸಲಹೆಗಳೂ ಒಂದೇ ಹಾಳೆಯಲ್ಲಿ, ನಿಮಿಷ-ಸೆಕೆಂಡಿನ ಸಮೇತ. ‘ಮಧ್ಯದಲ್ಲಿ ಸ್ವಲ್ಪ ಎಳೆದಂತಿದೆ’ ಎಂಬುದು ಸಲಹೆಯಲ್ಲ. ‘2:14ರ ಶಾಟ್ ಎರಡು ಸೆಕೆಂಡು ಮೊದಲೇ ಮುಗಿಯಲಿ’ ಎಂಬುದು ಸಲಹೆ. ಎರಡು ಸುತ್ತು ಸಾಕು.

ಹಂತ 7: ಅಕ್ಷರ

ಸಬ್‌ಟೈಟಲ್ ಫೈಲನ್ನು ಎಲ್ಲ ಲಿಪಿಗಳನ್ನೂ ಹಿಡಿಯುವ ಯುಟಿಎಫ್-8 ಎಂಬ ಅಕ್ಷರ ಸಂಕೇತದಲ್ಲೇ ಉಳಿಸಿ. ಇಲ್ಲದಿದ್ದರೆ ಕನ್ನಡ, ಅರಬ್ಬಿ, ಜಪಾನಿ ಎಲ್ಲವೂ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ. ಬರೀ ಚೌಕಗಳು ಕಂಡರೆ ಅದು ಫಾಂಟಿನ ಕೊರತೆ. ನೋಟೊ ಫಾಂಟುಗಳು ಉಚಿತ, ಬಹುತೇಕ ಲಿಪಿಗಳಿಗೆ ಇವೆ. ಒತ್ತಕ್ಷರಗಳು ಬಿಡಿಬಿಡಿಯಾಗಿ ನಿಂತಿದ್ದರೆ ಫಾಂಟನ್ನು ಬೈಯಬೇಡಿ, ಆ ಲಿಪಿಯನ್ನು ಜೋಡಿಸಲು ಸಾಫ್ಟ್‌ವೇರಿಗೇ ಬರುವುದಿಲ್ಲ. ಅಂಥ ಸಾಲನ್ನು ಬೇರೆಡೆ ಬರೆದು ಚಿತ್ರವಾಗಿ ಅಂಟಿಸಿ.

ಕೊನೆಯ ಹೆಸರುಪಟ್ಟಿಗೆ ಪ್ರತಿಯೊಬ್ಬರಿಂದಲೂ ಅವರ ಹೆಸರನ್ನು ಅವರ ಕೈಯಲ್ಲೇ ಟೈಪ್ ಮಾಡಿಸಿಕೊಳ್ಳಿ. ಕುಟುಂಬದ ಹೆಸರು ಮೊದಲೋ ಕೊನೆಗೋ, ಅಕ್ಷರದ ನೆತ್ತಿಯ ಮೇಲೆ ಚುಕ್ಕೆ ಇದೆಯೋ ಇಲ್ಲವೋ ಅವರಿಗೇ ಗೊತ್ತು. ಬಂದದ್ದನ್ನು ನಕಲು ಮಾಡಿ ಅಂಟಿಸಿ, ನೋಡಿಕೊಂಡು ಮತ್ತೆ ಟೈಪ್ ಮಾಡಬೇಡಿ.