ಯೊಸೆಮಿಟಿಯ ಚಳಿಗಾಲ, ಕರಡಿ ಡಬ್ಬಿಯಲ್ಲಿ ಚಟ್ನಿಪುಡಿ

"ಚಳಿಗಾಲದಲ್ಲಿ ಕರಡಿ ಮಲಗಿಬಿಡುತ್ತೆ ಅಲ್ವಾ? ಮತ್ತೆ ಈ ಡಬ್ಬಿ ಹೊರೋದು ಯಾಕೆ?" ಬೇ ಏರಿಯಾದಿಂದ ಕ್ಯಾಲಿಫೋರ್ನಿಯಾದ ಯೊಸೆಮಿಟಿ ರಾಷ್ಟ್ರೀಯ ಉದ್ಯಾನಕ್ಕೆ ಹೊಸದಾಗಿ ನಮ್ಮ ಜೊತೆ ಬರುವವರೆಲ್ಲ ಕೇಳುವುದು ಇದನ್ನೇ. ಡಬ್ಬಿ ಅಂದರೆ ಕರಡಿಗೆ ಬಿಚ್ಚಲಾಗದ, ಊಟ ತುಂಬಿಡುವ ಗಟ್ಟಿ ಡಬ್ಬಿ.

ಮಲಗುವುದು ನಿಜ. ಆದರೆ ಕುಂಭಕರ್ಣನ ನಿದ್ದೆ ಅಲ್ಲ. ಮಲಗಿದಾಗ ಇಲ್ಲಿನ ಕಪ್ಪು ಕರಡಿಯ ಮೈಬಿಸಿ ಕೆಲವೇ ಡಿಗ್ರಿ ಇಳಿಯುತ್ತದೆ, ಹಾಗಾಗಿ ಗಲಾಟೆಯಾದರೆ ಬೇಗ ಏಳುತ್ತದೆ. ಅದು ಮಲಗುವುದು ಚಳಿಗಿಂತ ಹೆಚ್ಚಾಗಿ ತಿನ್ನಲು ಸಿಗದ ಕಾರಣಕ್ಕೆ. ಕಣಿವೆಯಲ್ಲಿ ಓಕ್ ಮರದ ಕಾಯಿ ಚೆನ್ನಾಗಿ ಉದುರಿದ ವರ್ಷ ಡಿಸೆಂಬರ್‌ನಲ್ಲೂ ಓಡಾಡಿಕೊಂಡಿರುತ್ತದೆ. ಮನುಷ್ಯರ ಊಟದ ರುಚಿ ಹತ್ತಿದ್ದು ಮಲಗುವ ಗೋಜಿಗೇ ಹೋಗದಿರಬಹುದು. ಲೇಕ್ ಟಾಹೋದಲ್ಲಿ 2022ರ ಚಳಿಗಾಲದಲ್ಲಿ 'ಹ್ಯಾಂಕ್ ದಿ ಟ್ಯಾಂಕ್' ಅಂತ ಹೆಸರು ಬಿದ್ದ ಕರಡಿ ಮನೆಗಳಿಗೆ ನುಗ್ಗಿ ದೊಡ್ಡ ಸುದ್ದಿಯಾಗಿತ್ತು. ಡಿಎನ್‌ಎ ಪರೀಕ್ಷೆ ಮಾಡಿದರೆ ಅದು ಒಂದಲ್ಲ, ಕನಿಷ್ಠ ಮೂರು ಕರಡಿಗಳ ಕೆಲಸ!

ನಮ್ಮ ಕರ್ನಾಟಕದ ದರೋಜಿ ಕರಡಿಧಾಮದ ಕರಡಿಗೆ ಗೆದ್ದಲು, ಹಣ್ಣು ಹೀಗೆ ವರ್ಷಪೂರ್ತಿ ಏನಾದರೂ ಸಿಗುತ್ತದೆ, ಚಳಿಗಾಲದ ನಿದ್ದೆಯೇ ಇಲ್ಲ. ಅದು ಹತ್ತಿರದಲ್ಲಿ ದಿಢೀರ್ ಎದುರಾದರೆ ಮೈಮೇಲೆ ಬೀಳುವುದೇ ಜಾಸ್ತಿ. ಇಲ್ಲಿನದಕ್ಕೆ ನಿಮಗಿಂತ ನಿಮ್ಮ ಬ್ಯಾಗಿನ ಮೇಲೆ ಕಣ್ಣು. ಅದಕ್ಕೇ ನನ್ನ ತಯಾರಿಯೆಲ್ಲ ಊಟದ ಸುತ್ತಲೇ.

ಕಾಡಿನೊಳಗೆ ರಾತ್ರಿ ತಂಗುವುದಾದರೆ ಕರಡಿ ಡಬ್ಬಿ ಎಲ್ಲ ಕಾಲದಲ್ಲೂ ಕಡ್ಡಾಯ. ನನ್ನದು ಬೇರ್‌ವಾಲ್ಟ್ ಕಂಪನಿಯದು, ಹೊರಗಿನಿಂದ ಒಳಗಿರೋದು ಕಾಣುವಂಥ ದಪ್ಪ ಪ್ಲಾಸ್ಟಿಕ್‌ನದು. ಅವಲಕ್ಕಿ, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ ಎಲ್ಲವನ್ನೂ ಜಿಪ್ ಕವರಿಗೆ ಹಾಕಿ, ಗಾಳಿ ಹಿಂಡಿ ತೆಗೆದು ತುಂಬುತ್ತೇನೆ. ತುಪ್ಪ ಚಳಿಗೆ ಕಲ್ಲಾಗುತ್ತದೆ, ಮನೆಯಲ್ಲೇ ತುಂಡು ಮಾಡಿಕೊಂಡರೆ ಒಳ್ಳೆಯದು. ಟೂತ್‌ಪೇಸ್ಟ್, ಲಿಪ್ ಬಾಮ್, ಸನ್‌ಸ್ಕ್ರೀನ್, ಕಸ ಕೂಡ ಅದರೊಳಗೇ ಹೋಗಬೇಕು. ಲಿಪ್ ಬಾಮ್ ಮಾತ್ರ ಎಲ್ಲರ ಜೇಬಿನಲ್ಲೇ ಉಳಿದುಬಿಡುತ್ತದೆ, ಮಲಗುವ ಮುಂಚೆ ಒಬ್ಬೊಬ್ಬರ ಜೇಬೂ ನೋಡಿಸುತ್ತೇನೆ.

ತಂಪಿಗೆ ಮುಚ್ಚಳ ಬಿಗಿಯಾಗಿಬಿಡುತ್ತದೆ. ಅದರ ಅಂಚಿನಲ್ಲಿ ಒತ್ತಿ ತಿರುಗಿಸುವ ಚಿಕ್ಕ ಉಬ್ಬುಗಳಿವೆ. ಗ್ಲೌಸ್ ತೆಗೆದರೆ ಬೆರಳು ಮರಗಟ್ಟುತ್ತದೆ, ಹಾಕಿಕೊಂಡರೆ ಉಬ್ಬು ಸಿಗುವುದಿಲ್ಲ. ನಾನು ಹಳೆಯ ಕ್ರೆಡಿಟ್ ಕಾರ್ಡ್ ಒಂದನ್ನು ಉಬ್ಬಿನ ಸಂದಿಗೆ ತೂರಿಸಿ ತಿರುಗಿಸುತ್ತೇನೆ, ಸಲೀಸಾಗಿ ಬಿಚ್ಚುತ್ತದೆ. ಮುಚ್ಚುವ ಮೊದಲು ಡಬ್ಬಿಯ ಬಾಯಿಯ ತಿರುಪಿನ ಮೇಲಿನ ಹಿಮ ಒರೆಸಬೇಕು. ಇಲ್ಲದಿದ್ದರೆ ಬೆಳಗ್ಗೆ ಹೊತ್ತಿಗೆ ಅಲ್ಲೇ ಮಂಜುಗಡ್ಡೆಯಾಗಿ ಕಾಫಿಪುಡಿಯೇ ಕೈಗೆ ಸಿಗಲ್ಲ.

ಡಬ್ಬಿಯನ್ನು ಟೆಂಟಿನಿಂದ ಒಂದು ಮೂವತ್ತು ಮೀಟರ್ ದೂರ, ಸಮತಟ್ಟಾದ ಕಡೆ ಇಡುತ್ತೇನೆ. ಇಳಿಜಾರಲ್ಲಿ ಕರಡಿ ಒಮ್ಮೆ ಒದ್ದರೆ ಸಾಕು, ಹಿಮದ ಮೇಲೆ ಜಾರಿ ಎಲ್ಲಿಗೋ ಹೋಗುತ್ತದೆ. ರಾತ್ರಿ ಹಿಮ ಬಿದ್ದರೆ ಡಬ್ಬಿಯೇ ಹೂತುಹೋಗುತ್ತದಲ್ಲ, ಅದಕ್ಕೆ ಪಕ್ಕದಲ್ಲಿ ಒಂದು ಸ್ಕೀ ಕೋಲು ನೆಡುತ್ತೇನೆ.

ಚಳಿಯಲ್ಲಿ ಟೆಂಟಿನ ಬಾಗಿಲಲ್ಲೇ ಸ್ಟವ್ ಹಚ್ಚುವ ಆಸೆ ಎಲ್ಲರಿಗೂ. ವಾಸನೆ ಬಟ್ಟೆಗೆ ಹತ್ತುತ್ತದೆ, ಕಾರ್ಬನ್ ಮೊನಾಕ್ಸೈಡ್‌ನ ಅಪಾಯ ಬೇರೆ. ನಾವು ದೂರದಲ್ಲಿ ಸಲಿಕೆಯಿಂದ ಹಿಮ ತೋಡಿ, ಗಾಳಿಗೆ ಅಡ್ಡ ಗೋಡೆ ಮಾಡಿ, ಕೂರಲು ಕಟ್ಟೆ ಬಿಟ್ಟು ಅಡುಗೆ ಜಾಗ ಮಾಡಿಕೊಳ್ಳುತ್ತೇವೆ. ಇಂಗಿನ ಒಗ್ಗರಣೆ ಮಾತ್ರ ಮನೆಯಲ್ಲೇ ಮುಗಿದಿರುತ್ತದೆ.

ಟೆಂಟ್ ಹಾಕುವಾಗ ಸುತ್ತ ನೋಡುತ್ತೇನೆ. ಟೊಳ್ಳು ಮರ, ಬಿದ್ದ ದಿಮ್ಮಿಯ ಅಡಿ, ಬಂಡೆಯ ಸಂದು ಕರಡಿಯ ಗೂಡಾಗಿರಬಹುದು. ಮರಿ ಹಾಕುವುದೂ ಅಲ್ಲೇ, ಚಳಿಗಾಲದ ನಡುವಿನಲ್ಲೇ. ಫೋಟೊ ಆಸೆಗೆ ಟಾರ್ಚ್ ಬಿಟ್ಟು ಇಣುಕಬಾರದು. ಹಿಮದಲ್ಲಿ ಬರಿಗಾಲಿನ ಮನುಷ್ಯ ನಡೆದಂತೆ ಹೆಜ್ಜೆ ಕಂಡರೆ ಅದು ಕರಡಿಯ ಹಿಂಗಾಲು. ನಾವು ಜಾಗ ಬದಲಿಸುತ್ತೇವೆ.

ಕರಡಿಯೇ ಬಂದರೆ ಓಡಬಾರದು. ಹಿಮಬೂಟಿನಲ್ಲಿ ಓಡುವುದು ಆಗದ ಮಾತು ಬಿಡಿ. ಎಲ್ಲರೂ ಒಟ್ಟಿಗೆ ನಿಂತು, ಕೈಯೆತ್ತಿ, ಜೋರಾಗಿ ಕೂಗಬೇಕು. ಅದು ಹೋಗಲು ದಾರಿ ಬಿಟ್ಟಿರಬೇಕು. ಪೆಪ್ಪರ್ ಸ್ಪ್ರೇ ತರುತ್ತೇನೆ ಅನ್ನುವವರಿಗೆ ಬೇಡ ಅನ್ನುತ್ತೇನೆ, ಯೊಸೆಮಿಟಿಯಲ್ಲಿ ಅದು ನಿಷಿದ್ಧ. ಗ್ರಿಜ್ಲಿ ಅನ್ನುವ ದೊಡ್ಡ ಕಂದು ಕರಡಿಯ ಭಯವೂ ಇಲ್ಲಿ ಬೇಡ. ಅದು 1920ರ ದಶಕದಲ್ಲೇ ಕ್ಯಾಲಿಫೋರ್ನಿಯಾದಿಂದ ಮಾಯವಾಗಿ, ಈಗ ರಾಜ್ಯದ ಬಾವುಟದ ಮೇಲೆ ಮಾತ್ರ ಉಳಿದಿದೆ.