ಕಾಸಿಗೆ ತಕ್ಕ ಗೇಮು

ಸೇಲ್‌ನಲ್ಲಿ ಶೇ 90 ಕಡಿಮೆಗೆ ತಂದು, ಒಂದು ದಿನವೂ ತೆರೆಯದೆ ಬಿಟ್ಟ ವಿಡಿಯೊ ಗೇಮಿಗಿಂತ ದುಬಾರಿಯದು ಇನ್ನೊಂದಿಲ್ಲ. ನಾಲ್ಕು ಸಾವಿರ ಕೊಟ್ಟು ತಂದದ್ದೇ ಆದರೂ, ಎರಡು ತಿಂಗಳು ರಾತ್ರಿ ಊಟ ಮುಗಿದ ತಕ್ಷಣ ಅದರ ಮುಂದೆ ಕೂತಿದ್ದರೆ ಆ ದುಡ್ಡು ವಸೂಲಾಯಿತು ಅಂತಲೇ ಲೆಕ್ಕ.

ನಾನು ಮಂಡ್ಯದಲ್ಲಿ ಟ್ರ್ಯಾಕ್ಟರ್ ಸ್ಪೇರ್ ಪಾರ್ಟ್ಸ್ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವವನು. ಅಗ್ಗಕ್ಕೆ ಸಿಕ್ಕಿತೆಂದು ತುಂಬಿಕೊಂಡ ಬೇರಿಂಗು, ಬೆಲ್ಟುಗಳು ವರ್ಷಗಟ್ಟಲೆ ಕಪಾಟಿನಲ್ಲಿ ಧೂಳು ತಿನ್ನುವುದನ್ನು ಸ್ಟಾಕ್ ಪುಸ್ತಕದಲ್ಲಿ ನೋಡುತ್ತಲೇ ಇರುತ್ತೇನೆ. ಗೇಮಿನ ಲೈಬ್ರರಿಯೂ ಹಾಗೇ. ಹಾಗಾಗಿ ಅದಕ್ಕೂ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಮೂರೇ ಕಾಲಂ: ಕೊಟ್ಟ ದುಡ್ಡು, ಶುರು ಮಾಡಿದ ತಾರೀಕು, ಬಿಟ್ಟ ತಾರೀಕು. "ಮುಗಿಸಿದ ತಾರೀಕು" ಅಂತ ಬರೆಯುವುದಿಲ್ಲ, ಬೇಜಾರಾದ ಗೇಮನ್ನು ಕಷ್ಟಪಟ್ಟು ಮುಗಿಸಬೇಕೆಂಬ ಕಾನೂನೇನೂ ಇಲ್ಲ. ಕಾನೂನು ಇರುವುದು ಎರಡನೇ ಕಾಲಂಗೆ. ಅದು ಎಲ್ಲಾದರೂ ಖಾಲಿ ಇದ್ದರೆ ಹೊಸದನ್ನು ಕೊಳ್ಳುವ ಹಾಗಿಲ್ಲ.

ಅಕ್ಕನ ಮಗ ಇಲ್ಲೇ ಪಿಇಎಸ್‌ನಲ್ಲಿ ಇಂಜಿನಿಯರಿಂಗ್ ಓದುತ್ತಾನೆ. ಸೇಲ್ ಬಂದಾಗಲೆಲ್ಲ ಫೋನ್ ಹಿಡಿದು ಬರುತ್ತಾನೆ. "ಮಾವ, ಎಂಬತ್ ಪರ್ಸೆಂಟ್ ಆಫ್ ಅದೆ, ತಕ್ಕಳನಾ?"

"ಹೋದ್ ಸಲ ತಕ್ಕಂಡಿದ್ದ ಬಿಚ್ಚಿ ನೋಡಿದ್ಯೇನ್ಲಾ?"

ಅಲ್ಲಿಗೆ ಮಾತು ಮುಗಿಯುತ್ತದೆ.

ಮೊದಲು ನಿಮ್ಮ ಹೊತ್ತಿನ ಲೆಕ್ಕ

ಗಂಟೆಗೆ ಎಷ್ಟು ರೂಪಾಯಿ ಬಿತ್ತು ಅಂತ ಭಾಗಿಸಿ ಗೇಮಿನ ಬೆಲೆ ಕಟ್ಟುವವರು ಬಹಳ ಜನ. ನನಗೆ ಆ ಲೆಕ್ಕ ಒಗ್ಗುವುದಿಲ್ಲ. ಆ ಪ್ರಕಾರ ನೋಡಿದರೆ, ದೊಡ್ಡ ಮ್ಯಾಪಿನ ಮೂಲೆ ಮೂಲೆಗೆ ನೂರು ಗಂಟೆ ಓಡಾಡಿಸಿ ಗರಿ, ಕಲ್ಲು ಹೆಕ್ಕಿಸುವ ಗೇಮೇ ಒಳ್ಳೆಯದು. 2007ರ ಪೋರ್ಟಲ್ ಮೂರು ನಾಲ್ಕು ಗಂಟೆಯಲ್ಲಿ ಮುಗಿಯುತ್ತದೆ. ಅದರಲ್ಲಿ ಒಂದು ನಿಮಿಷವೂ ದಂಡವಿಲ್ಲ. ಹೆಂಡತಿ ಮಕ್ಕಳು ಮಲಗಿದ ಮೇಲೆ, ಹತ್ತು ಗಂಟೆಯ ನಂತರ ಒಂದು ಗಂಟೆ ಸಿಗುವ ನನ್ನಂಥವನಿಗೆ ಅದು ನಾಲ್ಕು ರಾತ್ರಿಯ ಪೂರ್ತಿ ಊಟ. ಅದೇ ಪರೀಕ್ಷೆ ಮುಗಿಸಿ ರಜೆಯಲ್ಲಿರುವ ಹುಡುಗನಿಗೆ ಮಧ್ಯಾಹ್ನಕ್ಕೇ ಖಾಲಿ. ಅವನಿಗೆ ದಿ ವಿಚರ್ 3 ಸರಿ, ಮುಖ್ಯ ಕಥೆಗೇ ಸುಮಾರು ಐವತ್ತು ಗಂಟೆ ಬೇಕು. 2015ರಲ್ಲಿ ಬಂದ ಗೇಮಾದ್ದರಿಂದ ಸೇಲ್‌ನಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚೇ ಇಳಿದಿರುತ್ತದೆ.

ಹೌ ಲಾಂಗ್ ಟು ಬೀಟ್ ಎಂಬ ಜಾಲತಾಣದಲ್ಲಿ ಯಾವ ಗೇಮಿಗೆ ಸರಾಸರಿ ಎಷ್ಟು ಗಂಟೆ ಹಿಡಿಯುತ್ತದೆಂದು ಆಡಿದವರೇ ದಾಖಲಿಸಿರುತ್ತಾರೆ. ಕೊಳ್ಳುವ ಮುಂಚೆ ಅದನ್ನು ನೋಡಿ, ನಿಮಗೆ ವಾರಕ್ಕೆ ಸಿಗುವ ಗಂಟೆಯಿಂದ ಭಾಗಿಸಿ. ಉತ್ತರ ಆರು ತಿಂಗಳು ಅಂತ ಬಂದರೆ ನಿಜವಾಗಿ ಅಷ್ಟು ದಿನ ಆಡುತ್ತೀರಾ ಅಂತ ಕೇಳಿಕೊಳ್ಳಿ.

ಒಂದು ವರ್ಷ ತಡವಾಗಿ ಕೊಳ್ಳಿ

ಒಬ್ಬರೇ ಆಡುವ ಗೇಮಾದರೆ ಬಿಡುಗಡೆಯ ದಿನ ಕೊಳ್ಳಲು ನನಗಂತೂ ಒಂದು ಕಾರಣವೂ ಕಾಣುವುದಿಲ್ಲ. ಸೈಬರ್‌ಪಂಕ್ 2077 ಬಂದದ್ದು 2020ರ ಡಿಸೆಂಬರ್‌ನಲ್ಲಿ. ಎಷ್ಟು ಬಗ್, ಅಂದರೆ ಪ್ರೋಗ್ರಾಂ ದೋಷ, ಇತ್ತೆಂದರೆ ಸೋನಿ ಕಂಪನಿ ಅದನ್ನು ತನ್ನ ಸ್ಟೋರಿನಿಂದಲೇ ಕೆಲವು ತಿಂಗಳು ತೆಗೆದಿಟ್ಟಿತ್ತು. 2023ರ ಸೆಪ್ಟೆಂಬರ್‌ನಲ್ಲಿ 2.0 ಅಪ್‌ಡೇಟ್ ಬಂದ ಮೇಲೆ ಅದು ಬೇರೆಯೇ ಗೇಮಾಯಿತು, ಅಷ್ಟರಲ್ಲಿ ಸೇಲ್‌ನಲ್ಲಿ ಅರ್ಧ ಬೆಲೆಗೂ ಸಿಗುತ್ತಿತ್ತು. ಮೊದಲ ದಿನ ಕೊಂಡವರು ಪೂರ್ತಿ ದುಡ್ಡು ಕೊಟ್ಟು ಕೆಟ್ಟ ಗೇಮ್ ಆಡಿದರು. 2016ರ ನೋ ಮ್ಯಾನ್ಸ್ ಸ್ಕೈ ಕಥೆಯೂ ಇದೇ: ಶುರುವಿಗೆ ಜನ ಬೈದರು, ಆಮೇಲೆ ವರ್ಷ ವರ್ಷ ಉಚಿತ ಅಪ್‌ಡೇಟ್ ಕೊಟ್ಟು ತಿದ್ದಿಕೊಂಡರು.

ಬಿಡುಗಡೆಗೆ ಮುಂಚೆಯೇ ದುಡ್ಡು ಕಟ್ಟುವ ಪ್ರೀ-ಆರ್ಡರ್ ಅನ್ನುವುದಂತೂ ಡೌನ್‌ಲೋಡ್ ಗೇಮಿಗೆ ಅರ್ಥವಿಲ್ಲದ ಮಾತು. ಅಂಗಡಿಯಲ್ಲಿ ಮಾಲು ಖಾಲಿಯಾಗುವುದಕ್ಕೆ ಅದೇನು ಯೂರಿಯಾ ಮೂಟೆಯೇ? ಡೀಲಕ್ಸ್ ಎಡಿಷನ್ ಅಂತ ಸಾವಿರ ಹೆಚ್ಚು ತೆಗೆದುಕೊಂಡು "ಮೂರು ದಿನ ಮುಂಚೆ ಆಡಿ" ಅನ್ನುತ್ತಾರೆ. ಆ ಮೂರು ದಿನ ಬಗ್ ಹುಡುಕಿ ಕೊಡುವ ಕೂಲಿ ನಿಮ್ಮದು, ದುಡ್ಡು ಕೊಡುವುದೂ ನೀವೇ.

ಇದಕ್ಕೆ ಒಂದು ವಿನಾಯಿತಿ ಉಂಟು. ಗೆಳೆಯರ ಗುಂಪು ಈಗ ಆಡುತ್ತಿರುವ ಆನ್‌ಲೈನ್ ಗೇಮನ್ನು ವರ್ಷ ಬಿಟ್ಟು ಕೊಂಡರೆ ಆಡಲು ಯಾರೂ ಇರುವುದಿಲ್ಲ. ಅಲ್ಲೂ ಎರಡು ವಾರ ಕಾಯಬಹುದು. ಸೋನಿಯ ಕಾನ್‌ಕಾರ್ಡ್ 2024ರ ಆಗಸ್ಟ್ 23ಕ್ಕೆ ಬಂದು ಸೆಪ್ಟೆಂಬರ್ 6ಕ್ಕೆ ಬಾಗಿಲು ಹಾಕಿತು. ದುಡ್ಡು ವಾಪಸ್ ಕೊಟ್ಟರು, ಅದು ಅವರ ಒಳ್ಳೆಯತನ. 2014ರ ದಿ ಕ್ರೂ ಗೇಮಿನ ಸರ್ವರನ್ನು 2024ರ ಮಾರ್ಚ್ 31ಕ್ಕೆ ನಿಲ್ಲಿಸಿದಾಗ, ವರ್ಷಗಳ ಹಿಂದೆ ಕೊಂಡವರಿಗೆ ಅವರದೇ ಡಿಸ್ಕ್ ಕೂಡ ಕೆಲಸಕ್ಕೆ ಬಾರದಾಯಿತು. ಇಂಟರ್‌ನೆಟ್ ಇಲ್ಲದೆ ಶುರುವೇ ಆಗದ ಗೇಮಿಗೆ ದೊಡ್ಡ ಮೊತ್ತ ಹಾಕಬೇಡಿ.

ಸೇಲ್, ರಿಫಂಡ್

ಪಿಸಿ ಗೇಮು ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್ 2015ರಲ್ಲಿ ರೂಪಾಯಿ ಲೆಕ್ಕಕ್ಕೆ ಬಂತು, ಈಗ ಯುಪಿಐನಲ್ಲೇ ದುಡ್ಡು ಕಟ್ಟಬಹುದು. ದೊಡ್ಡ ಸೇಲ್‌ಗಳಲ್ಲಿ ಜೂನ್ ಕೊನೆಯದು, ಡಿಸೆಂಬರ್ ಕೊನೆಯದು ಎರಡನ್ನು ನೆನಪಿಟ್ಟರೆ ಸಾಕು. ಬೇಕಾದ್ದನ್ನೆಲ್ಲ ವಿಶ್‌ಲಿಸ್ಟ್‌ಗೆ ಹಾಕಿ ಸುಮ್ಮನಿರಿ, ಬೆಲೆ ಇಳಿದಾಗ ಅವರೇ ಮೇಲ್ ಕಳಿಸುತ್ತಾರೆ. ಶೇಕಡಾವಾರು ಅಂಕಿಗೆ ಮರುಳಾಗಬೇಡಿ, ಮೂಲ ಬೆಲೆ ಏರಿಸಿ ಕಡಿತ ತೋರಿಸುವುದು ಆಷಾಢದ ಸೀರೆ ಅಂಗಡಿಗಳಿಗೆ ಮಾತ್ರ ಗೊತ್ತಿರುವ ವಿದ್ಯೆಯೇನೂ ಅಲ್ಲ. ಈಸ್ ದೇರ್ ಎನಿ ಡೀಲ್ ತಾಣದಲ್ಲಿ ಆ ಗೇಮು ಇದುವರೆಗೆ ಇಳಿದ ಅತಿ ಕಡಿಮೆ ಬೆಲೆ ಎಷ್ಟೆಂದು ಸಿಗುತ್ತದೆ. ಅದರ ಹತ್ತಿರಕ್ಕೆ ಬಂದಿದೆಯಾ, ಇಲ್ಲವಾ? ನೋಡಬೇಕಾದ್ದು ಅಷ್ಟೇ.

ರಿಫಂಡ್ ವಿಷಯ ನಮ್ಮ ಕಡೆ ಬಹಳ ಜನರಿಗೆ ಗೊತ್ತೇ ಇಲ್ಲ. ಕೊಂಡ 14 ದಿನದೊಳಗೆ, ಆಡಿದ್ದು 2 ಗಂಟೆಗಿಂತ ಕಡಿಮೆ ಇದ್ದರೆ, ಸ್ಟೀಮ್ ಕಾರಣ ಕೆದಕದೆ ದುಡ್ಡು ವಾಪಸ್ ಕೊಡುತ್ತದೆ. ಆ ಎರಡು ಗಂಟೆಯನ್ನು ಜಾಣತನದಿಂದ ಬಳಸಬೇಕು. ಮೊದಲು ನಿಮ್ಮ ಕಂಪ್ಯೂಟರಿನಲ್ಲಿ ಸರಾಗವಾಗಿ ಓಡುತ್ತದಾ ನೋಡಿ. ಟೀವಿಗೆ ಹಾಕಿ ಆಡುವವರಾದರೆ ಅಕ್ಷರ ಸೋಫಾದಿಂದ ಓದಲಿಕ್ಕೆ ಆಗುತ್ತದಾ, ನಿಮ್ಮ ಕಂಟ್ರೋಲರ್ ಹಿಡಿಯುತ್ತದಾ ಪರೀಕ್ಷಿಸಿ. ಕಥೆ ಆಮೇಲೆ. ಪಾಜ್ ಮಾಡಿ ಊಟಕ್ಕೆ ಎದ್ದು ಹೋದರೂ ಗಡಿಯಾರ ಓಡುತ್ತಿರುತ್ತದೆ, ಶುರುವಿನಲ್ಲಿ ಶೇಡರ್ ಕಂಪೈಲ್ (ಚಿತ್ರ ಮೂಡಿಸುವ ಕೋಡನ್ನು ಸಿದ್ಧ ಮಾಡಿಕೊಳ್ಳುವುದು) ಅಂತ ಅರ್ಧ ಗಂಟೆ ತಿನ್ನುವ ಗೇಮಿನಲ್ಲಿ ಆ ಅರ್ಧ ಗಂಟೆಯೂ ನಿಮ್ಮ ಲೆಕ್ಕಕ್ಕೇ. ಇನ್ನೊಂದು ಉಪಯೋಗ: ಪೂರ್ತಿ ಬೆಲೆಗೆ ಕೊಂಡ ಮರುವಾರವೇ ಸೇಲ್ ಶುರುವಾಯಿತು ಅನ್ನಿ. ಇದೇ ಮಿತಿಯೊಳಗೆ ರಿಫಂಡ್ ತೆಗೆದುಕೊಂಡು ಇಳಿದ ಬೆಲೆಗೆ ಮತ್ತೆ ಕೊಳ್ಳಬಹುದು. ಇದು ದುರುಪಯೋಗವಲ್ಲವೆಂದು ಸ್ಟೀಮ್‌ನ ನಿಯಮದಲ್ಲೇ ಬರೆದಿದೆ.

ಜಿಒಜಿ ಅನ್ನುವ ಇನ್ನೊಂದು ಪಿಸಿ ಗೇಮ್ ಅಂಗಡಿಯಲ್ಲಿ ಗಡುವು 30 ದಿನ. ಸೋನಿಯ ಪ್ಲೇಸ್ಟೇಷನ್ ಸ್ಟೋರಿನಲ್ಲಿ ಮಾತ್ರ ಹುಷಾರು, 14 ದಿನ ಅಂದರೂ ಡೌನ್‌ಲೋಡ್ ಒತ್ತಿದಿರೋ ಮುಗಿಯಿತು. ಅಲ್ಲಿ ಕೊಂಡ ತಕ್ಷಣ ಒಂದು ಲೋಟ ಕಾಫಿ ಕುಡಿದು ಬಂದು ಆಮೇಲೆ ಬಟನ್ ಮುಟ್ಟಿ.

ಪುಕ್ಕಟೆ ಸಿಗುವುದು

ಎಪಿಕ್ ಗೇಮ್ಸ್ ಸ್ಟೋರ್ 2018ರ ಡಿಸೆಂಬರ್‌ನಿಂದಲೂ ಉಚಿತ ಗೇಮ್ ಹಂಚುತ್ತಾ ಬಂದಿದೆ. ಪಿಸಿ ಗೇಮುಗಳಿಗೆ ಗುರುವಾರ ರಾತ್ರಿ ಎಂಟೂವರೆಗೆ, ಚಳಿಗಾಲದಲ್ಲಿ ಒಂಬತ್ತೂವರೆಗೆ, ಪಟ್ಟಿ ಬದಲಾಗುತ್ತದೆ. ಲಾಗಿನ್ ಆಗಿ ಪಡೆದುಕೊಂಡರೆ ಸಾಕು, ಆಗಲೇ ಡೌನ್‌ಲೋಡ್ ಮಾಡಬೇಕಿಲ್ಲ. 2020ರ ಮೇ ತಿಂಗಳಲ್ಲಿ ಲಾಕ್‌ಡೌನ್ ಹೊತ್ತಿಗೆ ಜಿಟಿಎ 5 ಅನ್ನೇ ಕೊಟ್ಟಿದ್ದರು. ಸ್ಟೀಮ್‌ನಲ್ಲಿ ನೆಕ್ಸ್ಟ್ ಫೆಸ್ಟ್ ಅಂತ ವರ್ಷಕ್ಕೆ ಮೂರು ಸಲ ಬರಲಿರುವ ಗೇಮುಗಳ ಡೆಮೊ ಹಾಕುತ್ತಾರೆ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಕಾಲೇಜು ಲ್ಯಾಪ್‌ಟಾಪ್ ಇದ್ದವರು ಇಲ್ಲಿ ಹುಡುಕಿದರೆ ಒಳ್ಳೊಳ್ಳೆಯದು ಸಿಗುತ್ತದೆ.

ಹಾಗೆ ಸಣ್ಣ ಮೆಷಿನ್ ಇದ್ದವರಿಗೆ ಒಂದೇ ಒಂದು ಗೇಮ್ ಹೇಳು ಅಂದರೆ ಸ್ಟಾರ್‌ಡ್ಯೂ ವ್ಯಾಲಿ ಅನ್ನುತ್ತೇನೆ. ಒಬ್ಬನೇ ಕೂತು ಮಾಡಿದ ಗೇಮು, 2016ರದು, ಹಳೇ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ, 2024ರಲ್ಲೂ ದೊಡ್ಡ ಅಪ್‌ಡೇಟನ್ನು ಪುಕ್ಕಟೆ ಕೊಟ್ಟರು. ತೋಟ ಮಾಡುವ ಆಟ. ಹಗಲೆಲ್ಲ ನಾಟಿ, ಗೊಬ್ಬರ, ರೇಟಿನ ಮಾತು ಕೇಳಿ ಮನೆಗೆ ಬಂದು ಮತ್ತೆ ಅದೇನಾ ಅಂತ ನನ್ನ ಹೆಂಡತಿ ನಗುತ್ತಾಳೆ. ಆದರೆ ಆ ಊರಿನಲ್ಲಿ ಬೆಳೆದದ್ದನ್ನು ಪೆಟ್ಟಿಗೆಗೆ ಹಾಕಿದರೆ ಬೆಳಗಾಗುವಷ್ಟರಲ್ಲಿ ದುಡ್ಡು ಕೈಗೆ ಬರುತ್ತದೆ, ಕಬ್ಬಿನ ಬಿಲ್ಲಿಗೆ ಕಾದವರಿಗೆ ಅದರ ಸುಖ ಗೊತ್ತು.

ತಿಂಗಳ ಚಂದಾ ಕಟ್ಟಿ ಅವರ ಪಟ್ಟಿಯ ಗೇಮುಗಳನ್ನು ಆಡುವ ಗೇಮ್ ಪಾಸ್, ಪಿಎಸ್ ಪ್ಲಸ್ ತರಹದ್ದು ಪುಕ್ಕಟೆಯಂತೆ ಕಾಣುತ್ತದೆ, ಆದರೆ ಪುಕ್ಕಟೆಯಲ್ಲ. ಮೂರ್ನಾಲ್ಕು ಗೇಮ್ ಗುರುತು ಹಾಕಿಟ್ಟುಕೊಂಡು, ರಜೆಯಲ್ಲಿ ಒಂದು ತಿಂಗಳಿಗೆ ಮಾತ್ರ ತೆಗೆದುಕೊಂಡು ಅದನ್ನೆಲ್ಲ ಆಡಿ ಬಿಟ್ಟರೆ ಲಾಭ. ಚಂದಾ ಕಟ್ಟಿದ ದಿನವೇ ಆಟೋ ರಿನ್ಯೂವಲ್ ಆಫ್ ಮಾಡಿ, ಕಟ್ಟಿದ ಅವಧಿಯವರೆಗೆ ಆಡಲು ಅಡ್ಡಿಯಿಲ್ಲ. ಮರೆತಿದ್ದರೂ ರಿಸರ್ವ್ ಬ್ಯಾಂಕಿನ ನಿಯಮದಂತೆ ದುಡ್ಡು ಕಡಿತವಾಗುವ 24 ಗಂಟೆ ಮುಂಚೆ ಬ್ಯಾಂಕು ತಿಳಿಸಬೇಕು. ಆ ಎಸ್‌ಎಂಎಸ್ ಓದದೆ ಅಳಿಸಬೇಡಿ.

ಡಿಸ್ಕ್ ಇದ್ದರೆ ಡಿಸ್ಕ್

ಸೋನಿಯ ಗೇಮ್ ಮೆಷಿನ್ ಪಿಎಸ್5 ಇಲ್ಲಿ 2021ರ ಫೆಬ್ರವರಿಯಲ್ಲಿ ಬಂದಾಗ ಡಿಸ್ಕ್ ಹಾಕುವ ಮಾದರಿಗೆ ₹49,990, ಡಿಸ್ಕ್ ಇಲ್ಲದ್ದಕ್ಕೆ ₹39,990. ಹತ್ತು ಸಾವಿರ ಉಳಿಯಿತೆಂದು ಎರಡನೆಯದನ್ನು ತಂದವರು ಸೋನಿಯ ಸ್ಟೋರ್ ಹೇಳಿದ ಬೆಲೆಗೇ ಕೊಳ್ಳಬೇಕು, ಆಡಿ ಮಾರುವಂತಿಲ್ಲ. ಡಿಸ್ಕ್ ಇದ್ದವರು ಮೂರು ಸಾವಿರಕ್ಕೆ ಸೆಕೆಂಡ್‌ಹ್ಯಾಂಡ್ ತಂದು, ತಿಂಗಳೊಪ್ಪತ್ತಿನಲ್ಲಿ ಮುಗಿಸಿ, ಎರಡೂವರೆಗೆ ದಾಟಿಸಿದರೆ ಖರ್ಚು ಐನೂರು. ಹೊಸ ಗೇಮಾದರೆ ಬೇಗ ಆಡಿ ಬೇಗ ಮಾರಬೇಕು, ಸ್ಟೋರಿನಲ್ಲಿ ಮೊದಲ ಸೇಲ್ ಬಿದ್ದ ದಿನವೇ ಹಳೇ ಡಿಸ್ಕಿನ ರೇಟೂ ಬೀಳುತ್ತದೆ.

ಮಂಡ್ಯದಲ್ಲಿ ಕೊಳ್ಳುವವರು ಕಡಿಮೆ. ನಾನು ಹುಡುಕುವಾಗ ಮೈಸೂರಿನ ಕುವೆಂಪುನಗರ, ಸರಸ್ವತಿಪುರಂ, ಗೋಕುಲಂ ಕಡೆಯವರನ್ನೇ ನೋಡುತ್ತೇನೆ, ಹೇಗೂ ರೈಲಿಗೆ ಹೋಗಿ ಬರಬಹುದು. ಮಾರುವವರ ಮನೆಯಲ್ಲೇ ಅವರ ಮೆಷಿನ್‌ಗೆ ಹಾಕಿಸಿ, ಗೇಮ್ ಶುರುವಾಗುವವರೆಗೆ ನೋಡಿ ದುಡ್ಡು ಕೊಡಿ. ಡಬ್ಬಿ ತೆರೆದೇ ನೋಡಿ, ಕೆಲವು ಡಬ್ಬಿಯಲ್ಲಿ ಡಿಸ್ಕ್ ಬದಲು ಕೋಡ್ ಇರುವ ಚೀಟಿ ಇರುತ್ತದೆ. ಒಬ್ಬರು ಬಳಸಿದ ಮೇಲೆ ಆ ಚೀಟಿ ಕಾಗದ ಅಷ್ಟೇ. ಪ್ರತಿವರ್ಷ ಹೊಸ ನಂಬರ್ ಹಾಕಿಕೊಂಡು ಬರುವ ಫುಟ್‌ಬಾಲ್ ಗೇಮಾದರೆ ಹೋದ ವರ್ಷದ್ದನ್ನೇ ತನ್ನಿ.

ಪಿಸಿಯವರಿಗೆ ಡಿಸ್ಕಿನ ಬದಲು ಸ್ಟೀಮ್ ಫ್ಯಾಮಿಲೀಸ್ ಇದೆ. ಒಂದೇ ಮನೆಯ ಆರು ಜನರವರೆಗೆ ಲೈಬ್ರರಿ ಹಂಚಿಕೊಳ್ಳಬಹುದು. ಒಬ್ಬರು ಒಂದು ಗೇಮ್ ಆಡುವಾಗ ಇನ್ನೊಬ್ಬರು ಬೇರೆಯದನ್ನು ಆಡಬಹುದು. ಹಾಸ್ಟೆಲ್ ಗೆಳೆಯರನ್ನೆಲ್ಲ ಸೇರಿಸಿಕೊಳ್ಳುವ ಯೋಚನೆ ಬೇಡ. ಒಬ್ಬ ಬಿಟ್ಟುಹೋದರೆ ಆ ಜಾಗ ಒಂದು ವರ್ಷ ಖಾಲಿ ಬಿದ್ದಿರುತ್ತದೆ. ನಿಮ್ಮ ಗೇಮಿನಲ್ಲಿ ಅವನು ಚೀಟ್ ಮಾಡಿ ಬ್ಯಾನ್ ಆದರೆ ಅದರಲ್ಲಿ ನೀವೂ ಬ್ಯಾನ್.

ಇನ್‌ಸ್ಟಾಗ್ರಾಂ, ಟೆಲಿಗ್ರಾಂನಲ್ಲಿ "₹200ಕ್ಕೆ ಹೊಸ ಗೇಮ್" ಅಂತ ಲಾಗಿನ್ ಮಾರುವವರಿಂದ ದೂರವಿರಿ. ಒಂದೇ ಅಕೌಂಟನ್ನು ನೂರು ಜನಕ್ಕೆ ಕೊಟ್ಟಿರುತ್ತಾರೆ, ಪಾಸ್‌ವರ್ಡ್ ಬದಲಾದ ದಿನ ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ.

ಫೋನಿನವರಿಗೆ ಒಂದೇ ಮಾತು. 2020ರ ಸೆಪ್ಟೆಂಬರ್‌ನಲ್ಲಿ ಪಬ್‌ಜಿ ಮೊಬೈಲ್ ನಿಷೇಧವಾಯಿತು, 2022ರ ಫೆಬ್ರವರಿಯಲ್ಲಿ ಫ್ರೀ ಫೈರ್. ಪಬ್‌ಜಿಯ ಭಾರತದ ಅವತಾರವಾಗಿ 2021ರಲ್ಲಿ ಬಂದ ಬಿಜಿಎಂಐ 2022ರ ಜುಲೈನಲ್ಲಿ ಸ್ಟೋರುಗಳಿಂದ ಮಾಯವಾಗಿ 2023ರ ಮೇನಲ್ಲಿ ಮರಳಿತು. ಗನ್ನಿನ ಬಣ್ಣಕ್ಕೆ, ಅಂಗಿಗೆ ದುಡ್ಡು ಹಾಕುವ ಮುಂಚೆ ಈ ತಾರೀಕುಗಳನ್ನು ಒಮ್ಮೆ ಓದಿಕೊಳ್ಳಿ. ಆಟ ಚೆನ್ನಾಗಿದೆ, ಪುಕ್ಕಟೆ ಆಡಿ.

ಕೊನೆಗೆ ಕರೆಂಟು. ಗ್ರಾಫಿಕ್ಸ್ ಕಾರ್ಡ್ ಇರುವ ಪಿಸಿ ಮತ್ತು ಮಾನಿಟರ್ ಸೇರಿ ಸುಮಾರು 350 ವ್ಯಾಟ್ ಎಳೆದರೆ ಮೂರು ಗಂಟೆಗೆ ಒಂದು ಯೂನಿಟ್. ದಿನಾ ಆಡಿದರೆ ತಿಂಗಳಿಗೆ ಮೂವತ್ತು. ದುಡ್ಡಿನಲ್ಲಿ ಇದು ದೊಡ್ಡದಲ್ಲ, ಗೃಹಜ್ಯೋತಿ ಇರುವ ಮನೆಯಲ್ಲಿ ಮಾತ್ರ ದೊಡ್ಡದು, ಏಕೆಂದರೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಬೇಸಿಗೆಯಲ್ಲಿ ಫ್ಯಾನು, ಫ್ರಿಜ್ಜಿನ ಜೊತೆ ಇದೂ ಸೇರಿದರೆ ಗೇಮಿಗಿಂತ ಸೆಸ್ಕ್ ಬಿಲ್ಲೇ ಹೆಚ್ಚಾಗುತ್ತದೆ. ರೀಡಿಂಗ್‌ಗೆ ವಾರ ಇರುವಾಗ ಮೀಟರ್ ನೋಡಿ. ನಮ್ಮನೆಯಲ್ಲಿ ಆ ಹೊತ್ತಿಗೆ 190 ಆಗಿದ್ದರೆ ನಾನು ಪಿಸಿ ಮುಟ್ಟದೆ ಫೋನಿನಲ್ಲಿ ಚೆಸ್ ಆಡಿಕೊಂಡಿರುತ್ತೇನೆ.